ಘಾಟಿನಾಚೆಯ ಡಬ್ಬಿ

ನಾಗಲಕ್ಷ್ಮಿಗೆ ಗೊತ್ತಿಲ್ಲದ ಸಂಗತಿಗಳು ಲೋಕದಲ್ಲಿ ಬೇಕಾದಷ್ಟಿದ್ದವು. ಅವುಗಳಲ್ಲಿ ಒಂದೇ ಒಂದು ಮಾತ್ರ ಹತ್ತೊಂಬತ್ತು ವರ್ಷಗಳಿಂದ ಅವಳ ತಲೆ ತಿನ್ನುತ್ತಿತ್ತು: ಪ್ರತಿ ಮಂಗಳವಾರ ತನ್ನ ಮನೆಗೆ ಡಬ್ಬಿ ತುಂಬಿ ಕಳಿಸುವ ಆ ಹೆಂಗಸು ಯಾರು?

ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಊರು ಗುಂಡಲಹಾಳ, ಸುರಪುರದ ಆಚೆ, ಘಾಟು ಇಳಿದ ಮೇಲೆ ಸಿಗುವ ಸ್ಟಾಪು. ಇಷ್ಟನ್ನು ಗಂಡನ ಬಾಯಿಂದ ಹೊರಡಿಸಲಿಕ್ಕೇ ಅವಳಿಗೆ ಎರಡು ವರ್ಷ ಹಿಡಿದಿತ್ತು. ಗಂಡ ದೇವಿಂದ್ರ ಯಾದಗಿರಿಯಲ್ಲಿ ಬಸ್ ಡ್ರೈವರ್. ಸೋಮವಾರ ಮಧ್ಯಾಹ್ನ ನಾರಾಯಣಪುರಕ್ಕೆ ಬಸ್ಸು ಒಯ್ದು, ಅಲ್ಲೇ ವಸತಿ ಮಾಡಿ, ಮಂಗಳವಾರ ಬೆಳಗ್ಗೆ ತಿರುಗಿ ತರುವುದು ಅವನ ಪಾಳಿ. ಈ ಸೀಮೆಯಲ್ಲಿ ಬಸ್ಸು ಬರೀ ಮಂದಿಯನ್ನು ಹೊರುವುದಿಲ್ಲ. ಊರಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಹಳ್ಳಿಯ ಅವ್ವಂದಿರು ದಿನಾ ರೊಟ್ಟಿ ಕಳಿಸುವುದು ಬಸ್ಸಿನಲ್ಲೇ. ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ಬಟ್ಟೆ ಕಟ್ಟಿದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಯಾರದು ಎಂದು ಯಾರೂ ಕೇಳುವುದಿಲ್ಲ, ಒಂದೂ ತಪ್ಪಿ ಹೋಗುವುದಿಲ್ಲ.

ಹತ್ತೊಂಬತ್ತು ವರ್ಷದ ಹಿಂದೊಂದು ಸೋಮವಾರ ಮಳೆ ಹುಚ್ಚು ಹಿಡಿದ ಹಾಗೆ ಸುರಿದು, ಘಾಟಿನ ಕೆಳಗಿನ ಹಳ್ಳ ತುಂಬಿ, ಬಸ್ಸು ಮೂರು ತಾಸು ಗುಂಡಲಹಾಳ ಸ್ಟಾಪಿನಲ್ಲಿ ನಿಂತುಬಿಟ್ಟಿತು. ಯಾರೋ ಡ್ರೈವರನಿಗೆಂದು ಅಲ್ಯುಮಿನಿಯಮ್ಮಿನ ಒಂದು ಜರ್ಮನ್ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಲೆ ಕಳಿಸಿದರು. ದೇವಿಂದ್ರ ಹೊಟ್ಟೆ ತುಂಬ ಉಂಡು, ತೊಳೆಯದ ಡಬ್ಬಿಯನ್ನು ಮರುದಿನ ಮನೆಗೆ ತಂದು ನಾಗಲಕ್ಷ್ಮಿಯ ಮುಂದಿಟ್ಟ. ಅದು ಸ್ಟೀಲಿನದಾಗಿದ್ದರೆ ಮುಚ್ಚಳದ ಮೇಲೆ ಹೆಸರಾದರೂ ಕೊರೆಸಿರುತ್ತಿದ್ದರು. ಜರ್ಮನ್ ಡಬ್ಬಿಗೆ ಯಾರು ಹೆಸರು ಹಾಕಿಸುತ್ತಾರೆ? ಅವಳು ತಿಕ್ಕಿ ತೊಳೆದಳು. ತುಂಬಿ ಬಂದ ಡಬ್ಬಿಯನ್ನು ಬರಿದು ಮಾಡಿ ಕಳಿಸುವ ಪದ್ಧತಿ ಅವಳ ತವರಿನಲ್ಲಿ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ. ಮುಂದಿನ ಸೋಮವಾರ ನಾಲ್ಕು ಶೇಂಗಾ ಹೋಳಿಗೆ ಹಾಕಿ ಕಳಿಸಿದಳು. ಆ ಕಡೆಯವಳಿಗೂ ಅದೇ ಪದ್ಧತಿ ಇತ್ತೆಂದು ಕಾಣುತ್ತದೆ, ಮಂಗಳವಾರ ಡಬ್ಬಿ ಮಾದಲಿ ತುಂಬಿಕೊಂಡು ಬಂತು. ಆಮೇಲೆ ಅದು ನಿಲ್ಲಲೇ ಇಲ್ಲ.

"ಕೊಡಾಂವ ಯಾರ್ರಿ?" ಎಂದರೆ ದೇವಿಂದ್ರ, "ಒಮ್ಮೆ ಚಾದ ಅಂಗಡ್ಯಾಂವ ಕೊಡತಾನ, ಒಮ್ಮೆ ಯಾವುದೋ ಹುಡಿಗಿ ಕೊಡತದ," ಎನ್ನುವನು.

"ಹೆಸರು ಕೇಳಬಾರದೇನ್ರಿ?"

"ಕೇಳಿ ಏನು ಮಾಡ್ಲಿ? ಅರ್ಧ ಮಿನೀಟು ನಿಲ್ಲಸೂದು ಅಲ್ಲಿ. ಡಬ್ಬಿ ಬಂತು, ತಂದೆ."

ಇಂಥ ಗಂಡನನ್ನು ಕಟ್ಟಿಕೊಂಡು ಇಂಥ ಹೆಂಡತಿ ಬಾಳಿದ್ದೇ ದೊಡ್ಡದು. ಅವನಿಗೆ ಎದುರು ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿಲ್ಲ. ಇವಳಿಗೆ ಎದುರು ಮನೆಯ ಬೆಕ್ಕು ಯಾವ ಮನೆಯ ಹಾಲು ಕುಡಿಯಿತೆಂದೂ ಗೊತ್ತು.

ಜೊತೆಗೆ ಅವಳದು ಹಿಟ್ಟಿನ ಗಿರಣಿ. ಮನೆಯ ಮುಂಭಾಗದಲ್ಲೇ ಮೂವತ್ತು ವರ್ಷದಿಂದ ನಡೆಸುತ್ತಿದ್ದಳು. ಜೋಳ ಕೈಯಲ್ಲಿ ಹಿಡಿದರೆ ಯಾವ ಹೊಲದ್ದೆನ್ನುವಳು, ರೊಟ್ಟಿ ಮುರಿದರೆ ಮಾಡಿದವಳ ಮನಸ್ಸು ಹೇಳುವೆನೆನ್ನುವಳು. ಹೀಗಾಗಿ ಡಬ್ಬಿಯೊಳಗಿನ ರೊಟ್ಟಿಯಿಂದಲೇ ಅವಳು ಆ ಹೆಂಗಸನ್ನು ಕಟ್ಟಿ ನಿಲ್ಲಿಸಿದ್ದಳು. ಎತ್ತರದ ಆಳು, ಕರಿ ಬಣ್ಣ, ಎಲೆಯಡಿಕೆಯ ಬಾಯಿ, ದೊಡ್ಡ ದನಿ. ಉಪ್ಪು ಹೆಚ್ಚಾದರೆ ಈ ವಾರ ಗಂಡನ ಜೊತೆ ಜಗಳವಾಗಿದೆ, ಬೆಲ್ಲ ಹೆಚ್ಚಾದರೆ ಮಗಳು ತವರಿಗೆ ಬಂದಿದ್ದಾಳೆ. ಗಿರಣಿಯ ಸದ್ದಿನಲ್ಲಿ ದಿನವಿಡೀ ಒದರಿ ಮಾತಾಡುವ ನಾಗಲಕ್ಷ್ಮಿ ಸದ್ದಿಲ್ಲದೆ ಮಾತಾಡುತ್ತಿದ್ದುದು ಆ ಒಬ್ಬಳ ಜೊತೆ ಮಾತ್ರ. ಒಮ್ಮೆ, ಹತ್ತು ವರ್ಷದ ಹಿಂದೆ, 'ಅಕ್ಕ, ನಿಮ್ಮ ಹೆಸರೇನು?' ಎಂದು ಚೀಟಿ ಬರೆದು ಹೋಳಿಗೆಯ ಕೆಳಗಿಟ್ಟಿದ್ದಳು. ಚೀಟಿಗೆ ಉತ್ತರ ಬರಲಿಲ್ಲ, ಡಬ್ಬಿಯಲ್ಲಿ ಎರಡು ಕರಿಗಡಬು ಹೆಚ್ಚು ಬಂದವು. ಓದಲು ಬಾರದವಳಿರಬೇಕು ಎಂದುಕೊಂಡು, ಮತ್ತೆ ಬರೆದು ಅವಳನ್ನು ನಾಚಿಸುವುದು ಬೇಡವೆಂದು ಸುಮ್ಮನಾದಳು.

ಈಗ ದೇವಿಂದ್ರ ನಿವೃತ್ತನಾಗಿದ್ದ. ಕೊನೆಯ ಮಂಗಳವಾರ ಅವನ ಕೊರಳಲ್ಲಿ ಹಾರ, ಕೈಯಲ್ಲಿ ಡಬ್ಬಿ. ಹಾರ ಬಾಡಿತು, ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತು. ಹೊಸ ಡ್ರೈವರನ ಕೈಲಿ ಕಳಿಸಬಹುದಿತ್ತು. ಕಳಿಸಿದರೆ ಇನ್ನೂ ಹತ್ತೊಂಬತ್ತು ವರ್ಷ ಹೀಗೇ ಕಳೆದು, ಇಬ್ಬರಲ್ಲಿ ಒಬ್ಬರು ಮಣ್ಣಾಗಿ, ಮುಖ ನೋಡುವುದು ಉಳಿದೇಬಿಡುತ್ತದೆ ಎಂದು ನಾಗಲಕ್ಷ್ಮಿಗೆ ಒಂದು ಮುಂಜಾನೆ ಹೊಳೆಯಿತು. ಅವಳು ಸಜ್ಜೆ ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಶೇಂಗಾ ಹೋಳಿಗೆ ಬೇಯಿಸಿದಳು, ಗಿರಣಿಗೆ ಬೀಗ ಹಾಕಿದಳು.

"ನಡೀರಿ, ನಾನೇ ಒಯ್ದು ಕೊಡತೀನಿ," ಎಂದಳು.

"ಬಸ್ಸಿಗೆ ಹೋಗಂಗಿದ್ರ ನಾ ಬರಂಗಿಲ್ಲ," ಎಂದ ದೇವಿಂದ್ರ. "ಮಂದಿ ಹೊಡಿಯೋ ಬಸ್ಸಿನ್ಯಾಗ ನಂಗ ಕುಂಡ್ರಾಕ ಆಗಂಗಿಲ್ಲ." ಪಕ್ಕದ ಮನೆಯ ಮನ್ಸೂರಅಲಿಯ ಹಳೆಯ ಓಮ್ನಿ ಕೇಳಿ ತಂದ.

ಮೂವತ್ತೊಂದು ವರ್ಷ ಬಸ್ಸು ಹೊಡೆದವನ ಕೈಗೆ ಓಮ್ನಿ ಸಿಕ್ಕರೆ ಏನಾಗುತ್ತದೆಂದು ಭೀಮಾ ನದಿಯ ಸೇತುವೆಯ ಮೇಲೇ ತಿಳಿಯಿತು. ಹಿಂದೆ ಮೂವತ್ತು ಅಡಿ ಬಾಲವಿದೆಯೆಂಬಂತೆ ತಿರುವಿನಲ್ಲಿ ಅಗಲಕ್ಕೆ ತಿರುಗಿಸುವನು. ಎದುರಿನಿಂದ ಬರುವ ಬಸ್ಸಿನ ಡ್ರೈವರುಗಳು ಗುರುತು ಹಿಡಿದು ಕೈ ಎತ್ತುವರು, ಇವನು ಹಾರ್ನು ಬಾರಿಸುವನು, ಓಮ್ನಿಯ ಹಾರ್ನು ಕೋಳಿಮರಿಯಂತೆ ಕೀಂ ಎನ್ನುವುದು, ಇವನ ಮುಖ ಸಣ್ಣಗಾಗುವುದು. ನಾಗಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂತಳು.

ಶಹಾಪುರದ ಆಚೆಗೆ ಅವಳು ಈ ದಾರಿಯಲ್ಲಿ ಒಮ್ಮೆಯೂ ಬಂದವಳಲ್ಲ. ಗಿರಣಿ ಬಿಡಬೇಕಲ್ಲ! ದೀಪಾವಳಿಯ ಆಸುಪಾಸಿನ ದಿನಗಳು, ತೊಗರಿ ಹಳದಿ ಹೂವು ಬಿಟ್ಟಿತ್ತು, ಹತ್ತಿ ಒಡೆದು ನಿಂತಿತ್ತು. ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ ಕಣ್ಣು ಕುಕ್ಕುವಷ್ಟು ಹಸಿರು, ಮುಟ್ಟದ ಕಡೆ ಕರಿ ಎರೆಮಣ್ಣು, ನಡುವೆ ಒಂದು ಬದುವಿನಷ್ಟೇ ಅಂತರ. ಶಹಾಪುರ ದಾಟಿ ಭೀಮರಾಯನಗುಡಿಯ ದಾರಿ ಹಿಡಿದಾಗ ದೇವಿಂದ್ರ ತಾನಾಗಿಯೇ ಗಾಡಿ ನಿಧಾನ ಮಾಡಿ, ಗದ್ದದಿಂದ ಬಲಗಡೆ ತೋರಿಸಿದ. ಬೆಟ್ಟದ ಸಾಲು ಮಲಗಿದ ಮನುಷ್ಯನಾಗಿತ್ತು. ಹಣೆ, ಮೂಗು, ತುಟಿ, ಎದೆ ಎಲ್ಲವೂ ಆಕಾಶಕ್ಕೆ ಮುಖ ಮಾಡಿ ಮಲಗಿದ ಬುದ್ಧನವು.

"ಇದನ್ನ ವಾರಾ ವಾರಾ ನೋಡ್ತಿದ್ರೇನು?"

"ಹೂಂ."

"ಒಂದಿನ ಹೇಳಿಲ್ಲಲ್ರಿ!"

"ಅಂವ ಎಲ್ಲಿ ಹೋಗ್ತಾನ, ಅಲ್ಲೇ ಇರ್ತಾನಂತ," ಎಂದ ದೇವಿಂದ್ರ. ನಾಗಲಕ್ಷ್ಮಿ ಕುತ್ತಿಗೆ ತಿರುಗಿಸಿ, ಮೂಗು ಕರಗಿ ಬರೀ ಕಲ್ಲಾಗುವವರೆಗೂ ನೋಡಿದಳು. ತಾನು ಇಷ್ಟು ವರ್ಷ ಅಡ್ಡಮೂಗಿನ ಗಂಡನನ್ನಷ್ಟೇ ನೋಡುತ್ತ ಕೂತೆನಲ್ಲ ಎಂದು ಅವಳಿಗೆ ಒಳ್ಳೆ ಸಿಟ್ಟು ಬಂತು.

ಭೀಮರಾಯನಗುಡಿಯಲ್ಲಿ ಅವನು ಸರಿಯಾಗಿ ಬಸ್ ಸ್ಟಾಪಿನ ಮುಂದೆ ಗಾಡಿ ನಿಲ್ಲಿಸಿದ. ಯಾಕೆ ನಿಲ್ಲಿಸಿದೆನೆಂದು ಅವನಿಗೂ ಗೊತ್ತಿರಲಿಲ್ಲ, ಕಾಲು ತಾನೇ ಬ್ರೇಕು ತುಳಿದಿತ್ತು. ಮರುಗಳಿಗೆ ಹಿಂದಿನ ಬಾಗಿಲು ಸರಕ್ಕೆಂದು ಸರಿದು, ಚೀಲ ಹಿಡಿದ ಮುದುಕಿಯೊಬ್ಬಳು ಹತ್ತಿ ಕೂತು, ಆಧಾರ್ ಕಾರ್ಡು ಮುಂದೆ ಚಾಚಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಂದಿನಿಂದ ಆ ಕಾರ್ಡು ಅವಳ ಕೈಬೆರಳಿನಂತೆಯೇ ಸದಾ ಮುಂದಕ್ಕೆ ಚಾಚಿರುತ್ತಿತ್ತೇನೋ.

"ಯವ್ವಾ, ಇದು ಬಸ್ಸಲ್ಲ," ಎಂದಳು ನಾಗಲಕ್ಷ್ಮಿ.

"ನಂಗೇನು ಕಣ್ಣು ಕಾಣಂಗಿಲ್ಲೇನು? ಸಣ್ಣ ಬಸ್ಸು. ಸುರಪುರಕ್ಕ ಇಳಸರಿ," ಎಂದಳು ಮುದುಕಿ. ಹೆಸರು ಮಲ್ಲಾಬಾಯಿಯಂತೆ. ಹತ್ತಿಗುಡೂರು ಕ್ರಾಸು ಬರುವುದರೊಳಗೆ ನಾಗಲಕ್ಷ್ಮಿ ಅವಳ ಮೂರು ಗಂಡುಮಕ್ಕಳ ಪುರಾಣ ಕೇಳಿ, ತನ್ನ ಡಬ್ಬಿಯ ಕಥೆಯನ್ನೂ ಹೇಳಿ ಮುಗಿಸಿದ್ದಳು.

ಮಲ್ಲಾಬಾಯಿ ಡಬ್ಬಿಯನ್ನು ಮುಟ್ಟಿ ನೋಡಿ, "ಮಾರಿ ನೋಡಿ ಏನು ಮಾಡ್ತಿ?" ಎಂದಳು.

"ಹಂಗಂದ್ರ?"

"ಮಾರಿ ನೋಡಲಾರದ್ದಕ್ಕ ಇಷ್ಟು ದಿನ ಛಲೋ ನಡದೈತಿ. ನೋಡಿದ ಮ್ಯಾಲ ಆಕಿಗಿ ನಿನ್ನ ಮಾತು ಹೆಚ್ಚಾಗತೈತಿ, ನಿನಗ ಆಕಿ ಮನಿ ಸಣ್ಣದಾಗತೈತಿ. ಡಬ್ಬಿ ಅಂಗಡ್ಯಾಂವನ ಕೈಗಿ ಕೊಟ್ಟು ತಿರುಗಿ ಹೋಗು."

ಇದನ್ನು ಹೇಳಿ ಅವಳು ಸುರಪುರದ ಗುಡ್ಡಗಳ ನಡುವಿನ ಸ್ಟಾಪಿನಲ್ಲಿ ಇಳಿದು, ಗಾಡಿಗೆ ಕೈಮುಗಿದು ಹೋದಳು. ನಾಗಲಕ್ಷ್ಮಿ ಕಿಟಕಿಯಿಂದ ತಲೆ ಒಳಗೆಳೆದುಕೊಂಡಳು. ಆ ಹೆಂಗಸಿಗೆ ತಾನು ಹಿಡಿಸದಿದ್ದರೆ? ಗಂಟಲು ದೊಡ್ಡದು, ಮೈಯೆಲ್ಲ ಹಿಟ್ಟಿನ ವಾಸನೆ, ಕೇಳಬಾರದ್ದನ್ನು ಕೇಳುವ ಚಾಳಿ. ಡಬ್ಬಿಯಲ್ಲಿ ಹೋಗುವಾಗ ಇವು ಯಾವುವೂ ಜೊತೆಗೆ ಹೋಗುತ್ತಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕನ್ನಡಿ ತನ್ನ ಕಡೆ ತಿರುಗಿಸಿ ನೋಡಿಕೊಂಡಳು. ದೇವಿಂದ್ರ ಕನ್ನಡಿಯನ್ನು ತಿರುಗಿ ತನ್ನ ಕಡೆ ಮಾಡಿಕೊಂಡ.

ಸುರಪುರ ದಾಟಿದ ಮೇಲೆ ಘಾಟು. ಸಹ್ಯಾದ್ರಿ ಕಂಡವರು ಇದಕ್ಕೆ ಘಾಟು ಎಂದರೆ ಹೊಟ್ಟೆ ಹಿಡಿದು ನಕ್ಕಾರು. ನಾಲ್ಕು ಏರು, ಆರು ತಿರುವು, ಒಂದು ಇಳಿಜಾರು, ಅಷ್ಟೆ. ಆದರೆ ಇಲ್ಲಿನ ಬಂಡೆಗಳನ್ನು ನೋಡಿದವರು ನಗುವುದು ನಿಲ್ಲಿಸುತ್ತಾರೆ. ಆನೆಗಾತ್ರದ ಗುಂಡೊಂದು ಹಿಡಿಗಾತ್ರದ ಕಲ್ಲಿನ ಮೇಲೆ ಕೂತಿದೆ, ಅದರ ತಲೆಯ ಮೇಲೆ ಇನ್ನೊಂದು. ಗಾಳಿ ಬೀಸಿದರೆ ಬಿದ್ದೀತೆನ್ನಿಸುತ್ತದೆ, ಬಿದ್ದಿಲ್ಲ. ಎರಡು ಬಂಡೆಗಳ ಬಿರುಕಿನಲ್ಲಿ ಸೀತಾಫಲದ ಗಿಡ ಬೇರು ಬಿಟ್ಟು ಹಣ್ಣು ತೂಗಿಸಿಕೊಂಡು ನಿಂತಿತ್ತು. ನಾಗಲಕ್ಷ್ಮಿ ಹೆದರಿಕೆ ಮರೆತು ಮತ್ತೆ ತಲೆ ಹೊರಗೆ ಹಾಕಿದಳು. ಅದು ಯಾಕೆ ಬೀಳುವುದಿಲ್ಲ, ಇದನ್ನು ಯಾರು ಇಟ್ಟರು, ಆ ದಾರಿ ಎಲ್ಲಿಗೆ ಹೋಗುತ್ತದೆ? ದೇವಿಂದ್ರ ಒಳ್ಳೆಯ ಬಂಡೆ ಬಂದಾಗಲೆಲ್ಲ ಗಾಡಿ ನಿಧಾನ ಮಾಡಿದ. ನೆತ್ತಿಗೆ ಬಂದಾಗ ಕೆಳಗೆ ಬಯಲು ಚಾಪೆಯಂತೆ ಬಿಚ್ಚಿತು. ದೂರದಲ್ಲಿ ಕಾಲುವೆ, ಕಾಲುವೆಯ ಈಚೆ ಇಪ್ಪತ್ತು ಮೂವತ್ತು ಮಾಳಿಗೆಮನೆಗಳ ಒಂದು ಹಳ್ಳಿ.

"ಅದ ಗುಂಡಲಹಾಳ," ಎಂದ. ನಾಗಲಕ್ಷ್ಮಿಯ ಎದೆ ಗಿರಣಿಯ ಪಟ್ಟಿಯಂತೆ ಬಡಿಯತೊಡಗಿತು.

ಸ್ಟಾಪಿನ ಚಹಾದಂಗಡಿಯ ಸರದಾರಸಾಬ ಓಮ್ನಿಯಿಂದ ಇಳಿದವನನ್ನು ನೋಡಿ ಕೈಯಲ್ಲಿದ್ದ ಜರಡಿ ಕೆಳಗಿಟ್ಟ. "ಅರೆ, ಡ್ರೈವರ್ ಸಾಬ್! ಬಸ್ಸು ಎಲ್ಲಿ ಬಿಟ್ಟು ಬಂದ್ರಿ?"

ನಾಗಲಕ್ಷ್ಮಿ ಗಂಡನನ್ನು ಪಕ್ಕಕ್ಕೆ ಸರಿಸಿ, ಡಬ್ಬಿ ಮುಂದೆ ಹಿಡಿದಳು. "ಈ ಡಬ್ಬಿ ಯಾರ ಮನೀದ್ರಿ?"

"ಅದಾ? ಗೊಲ್ಲಾಳಮ್ಮನ ಮನೀದು."

ಗೊಲ್ಲಾಳಮ್ಮ. ಹತ್ತೊಂಬತ್ತು ವರ್ಷ ಸಿಗದಿದ್ದ ಹೆಸರು ಎರಡು ಸೆಕೆಂಡಿನಲ್ಲಿ ಸಿಕ್ಕಿಬಿಟ್ಟಿತು. ನಾಗಲಕ್ಷ್ಮಿ ಮನಸ್ಸಿನಲ್ಲೇ ನಾಲ್ಕು ಸಲ ಅಂದುಕೊಂಡು ನೋಡಿದಳು, ಚೆನ್ನಾಗಿ ಕೂತಿತು, ಎತ್ತರದ ಹೆಂಗಸಿಗೆ ಒಪ್ಪುವ ಹೆಸರು.

"ಮನ್ಯಾಗ ಅದಾರೇನ್ರಿ ಈಗ?"

ಸರದಾರಸಾಬ ದೇವಿಂದ್ರನ ಮುಖ ನೋಡಿದ, ಆಮೇಲೆ ಒರೆಸಿದ ಗ್ಲಾಸನ್ನೇ ಮತ್ತೆ ಒರೆಸಿದ. "ಹೋಗ್ರಿ, ಬೇವಿನ ಗಿಡದ ಹಿಂದಿನ ಮನಿ. ಸೊಸಿ ಅದಾಳ," ಎಂದ. ದೇವಿಂದ್ರ ಚಹಾಕ್ಕೆ ಕೂತ. ಹೆಂಗಸರ ಮಾತಿನ ನಡುವೆ ತನಗೇನು ಕೆಲಸ ಎಂಬುದು ಅವನ ಮುಖದ ಮೇಲೇ ಬರೆದಿತ್ತು.

ಆ ಮನೆಯ ಕಟ್ಟೆಯ ಮೇಲೆ ಮೂವತ್ತರ ಆಸುಪಾಸಿನ ಹೆಂಗಸು ಹತ್ತಿ ಬಿಡಿಸುತ್ತ ಕೂತಿದ್ದಳು. ನಾಗಲಕ್ಷ್ಮಿ ಬಾಯಿ ತೆರೆಯುವ ಮೊದಲೇ ಅವಳು ಧಡಕ್ಕನೆ ಎದ್ದಳು. ಅವಳು ನೋಡಿದ್ದು ಡಬ್ಬಿಯನ್ನಲ್ಲ, ಮುಖವನ್ನು.

"ಗಿರಣಿ ಅಕ್ಕಾರು," ಎಂದಳು. "ಬರ್ರಿ, ಬರ್ರಿ ಒಳಗ."

"ನಿನಗ ನನ್ನ ಗುರುತು ಹೆಂಗ ಹತ್ತಿತು?" ಎಂದಳು ನಾಗಲಕ್ಷ್ಮಿ ಬೆರಗಾಗಿ. ಉತ್ತರಕ್ಕೆ ಕಾಯುವ ತಾಳ್ಮೆ ಅವಳಿಗೆಲ್ಲಿ? "ಅತ್ತಿ ಎಲ್ಲಿ? ಗೊಲ್ಲಾಳಮ್ಮ? ಕರಿ, ಕರಿ. ನಾ ಬಂದೀನಂತ ಹೇಳು."

ಸೊಸೆ, ಹೆಸರು ಉಮಾಶ್ರೀ, ಸೀರೆಗೆ ಅಂಟಿದ ಹತ್ತಿಯ ಎಳೆ ಬಿಡಿಸಿಕೊಳ್ಳುತ್ತ ನಿಂತಳು. "ಅತ್ತಿ ಹೋಗಿ ಹನ್ನೊಂದು ವರ್ಷ ಆತ್ರಿ," ಎಂದಳು.

"ಎಲ್ಲಿಗಿ?" ಎಂದುಬಿಟ್ಟಳು ನಾಗಲಕ್ಷ್ಮಿ. ಎಂದ ಮೇಲೆ ತಿಳಿಯಿತು. ಕಟ್ಟೆಯ ಮೇಲೆ ಹತ್ತಿಯ ರಾಶಿಯ ಪಕ್ಕದಲ್ಲೇ ಕೂತಳು.

ಹನ್ನೊಂದು ವರ್ಷ. ಉಪ್ಪು ಹೆಚ್ಚಾದ ವಾರ, ಬೆಲ್ಲ ಹೆಚ್ಚಾದ ವಾರ, ಜಗಳ, ಬಾಣಂತನ, ಹಬ್ಬ, ತಾನು ಓದಿ ಓದಿ ತಿಳಿದುಕೊಂಡದ್ದೆಲ್ಲ ಯಾರ ಬಾಳು ಹಾಗಾದರೆ? ರೊಟ್ಟಿ ಮುರಿದು ಮನಸ್ಸು ಹೇಳುವವಳಂತೆ! ಹನ್ನೊಂದು ವರ್ಷದ ಹಿಂದೆ ರೊಟ್ಟಿ ಇದ್ದಕ್ಕಿದ್ದಂತೆ ತೆಳ್ಳಗಾಗಿದ್ದು ಅವಳಿಗೆ ನೆನಪಿತ್ತು. ಹೊಸ ಹಂಚು ತಂದಿರಬೇಕು ಎಂದುಕೊಂಡಿದ್ದಳು. ಗಿರಣಿಗೆ ಬಂದವರಿಗೆಲ್ಲ ಹೇಳಿಯೂ ಇದ್ದಳು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

"ನೀ ಮಾಡ್ತಿದ್ದೇನು ಇಷ್ಟು ದಿನ?"

"ಹೌದ್ರಿ."

"ಒಂದು ಮಾತು ಹೇಳಿ ಕಳಸಬಾರದಿತ್ತೇನು? ಸತ್ತಾಕಿ ಹೆಸರಿಲೆ ನಾ ಹೋಳಿಗಿ ಕಳಸಾಕತ್ತೀನಿ ಇಲ್ಲಿ!"

"ಹೇಳಬೇಕಂತ ಭಾಳ ಸಲ ಅನಕೊಂಡೀನ್ರಿ," ಎಂದಳು ಉಮಾಶ್ರೀ. "ಅತ್ತಿ ಮಣ್ಣು ಕೊಟ್ಟು ಬಂದಿದ್ವಿ. ನಾಕನೇ ದಿನ ಸೋಮವಾರ ನಿಮ್ಮ ಡಬ್ಬಿ ಬಂತು. ಗೋದಿ ಹುಗ್ಗಿ ಇತ್ತು ಅದರಾಗ. ಮನ್ಯಾಗ ಯಾರೂ ಒಲಿ ಹಚ್ಚಿರಲಿಲ್ಲ, ನಿಮ್ಮ ಹುಗ್ಗಿನ ಉಂಡ್ವಿ ಎಲ್ಲಾರು. ಉಂಡ ಮ್ಯಾಲ ಡಬ್ಬಿ ಬರಿದು ಹೆಂಗ ಕಳಸೂದು? ರೊಟ್ಟಿ ಮಾಡಿ ಹಾಕಿದ್ನಿ. ಹೇಳಿದ್ರ ನೀವು ನಿಲ್ಲಸ್ತೀರಿ ಅನಿಸ್ತು. ಅತ್ತೀದು ಎಲ್ಲಾ ಹೋಗಿತ್ತು, ಅದೊಂದು ಉಳಿದಿತ್ತು. ಮುಂದಿನ ವರ್ಷ ನೀವು ಚೀಟಿ ಹಾಕಿದ್ರಿ, ಹೆಸರೇನಂತ. ಯಾರ ಹೆಸರು ಬರೀಲ್ರಿ ನಾ? ನಂದು ಬರದ್ರ ಅತ್ತಿ ಸತ್ತಾಳಂತ ಹೇಳಬೇಕು, ಅತ್ತೀದು ಬರದ್ರ ಸುಳ್ಳಾಗತೈತಿ. ಎರಡು ಕರಿಗಡಬು ಹೆಚ್ಚು ಹಾಕಿ ಕಳಸೀನಿ."

ನಾಗಲಕ್ಷ್ಮಿಗೆ ಅಳು ಬಂತು, ಅದರ ನಡುವೆಯೇ ನಗುವೂ ಬಂತು. ಉಮಾಶ್ರೀ ಒಳಗಿನಿಂದ ನೀರು, ಬೆಲ್ಲ ತಂದಿಟ್ಟಳು. ಮತ್ತೆ ಹತ್ತಿಯ ಮುಂದೆ ಕೂತು, "ಖರೇ ಹೇಳ್ಲೇನ್ರಿ?" ಎಂದಳು. "ಕೆಲವು ಸೋಮವಾರ ಬ್ಯಾಸರ ಬರ್ತಿತ್ತು. ಹೊಲದ ಕೆಲಸ, ಕೂಸು, ಅದರ ಮ್ಯಾಲ ಇದೊಂದು. ಡ್ರೈವರ್ ರಿಟೈರ್ ಆದ್ರಂತ ಕೇಳಿದಾಗ ಒಂದಿನ ಹಾಯ್ ಅನಿಸ್ತು. ಎರಡನೇ ದಿನ ಮನಿ ಭಣಭಣ ಅಂತು."

"ನಂಗೂ ಬರ್ತಿತ್ತವಾ ಬ್ಯಾಸರ," ಎಂದಳು ನಾಗಲಕ್ಷ್ಮಿ. ಯಾರಿಗೂ ಹೇಳದ ಮಾತು ಅದು. "ಒಂದು ಸಲ ಪ್ಯಾಟಿ ಚಕ್ಕುಲಿ ತಂದು ತುಂಬೀನಿ, ನಾ ಕರದದ್ದಂತ."

"ಗೊತ್ತಾಗಿತ್ರಿ," ಎಂದಳು ಉಮಾಶ್ರೀ ಮುಖ ಗಂಭೀರ ಮಾಡಿಕೊಂಡು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಅತ್ತಿ ಹೆಂಗಿದ್ಲು ಹೇಳು. ಎತ್ತರ ಇದ್ಲಲ್ಲ?"

"ಇಲ್ರಿ, ಗಿಡ್ಡಕಿದ್ರು. ನನ್ನ ಭುಜಕ್ಕ ಬರ್ತಿದ್ರು."

"ಎಲಿ ತಿಂತಿದ್ಲೇನು?"

"ಎಲಿ ವಾಸನಿ ಬಂದ್ರ ಎದ್ದು ಹೋಗ್ತಿದ್ರು. ಮಾತೂ ಕಮ್ಮಿ. ಒಂದು ಕಣ್ಣು ತುಸು ಓರೆ ಇತ್ತು. ಅದಕ್ಕ ಫೋಟೋ ತಗಸಾಕ ಒಲ್ಲೆ ಅಂತಿದ್ರು, ಒಂದೂ ಇಲ್ರಿ ಮನ್ಯಾಗ."

ಕಟ್ಟಿ ನಿಲ್ಲಿಸಿದ್ದ ಹೆಂಗಸು ಮೂಗಿನಿಂದ ಕಾಲಿನ ತನಕ ಸುಳ್ಳಾದಳು. ಒಂದೂ ಸರಿಯಿರಲಿಲ್ಲ. ಇನ್ನು ಫೋಟೋವೂ ಇಲ್ಲ. ಮುಖ ನೋಡಲೆಂದು ಘಾಟು ಹತ್ತಿಳಿದು ಬಂದವಳಿಗೆ ನೋಡಲು ಏನೂ ಉಳಿದಿರಲಿಲ್ಲ. ಹೋಳಿಗೆಯ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಅವಳು ಬೇವಿನ ನೆರಳನ್ನು ನೋಡುತ್ತ ಕೂತಳು. ಆಗ ತಾನು ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇ ಬಂದಿಲ್ಲವೆಂದು ಹೊಳೆಯಿತು.

"ನಿಂದರು. ನನ್ನ ಮಾರಿ ನಿನಗ ಹೆಂಗ ಗೊತ್ತು?"

ಉಮಾಶ್ರೀ ತಲೆ ತಗ್ಗಿಸಿದಳು. "ನೋಡೀನ್ರಿ. ಅತ್ತಿನೂ ನೋಡ್ಯಾರ."

"ಯಾವಾಗ?"

"ನಾ ಮದಿವ್ಯಾಗಿ ಬಂದ ವರ್ಷ. ಅತ್ತಿಗಿ ಹೊಟ್ಟಿ ನೋವು ಹೆಚ್ಚಾಗಿ ಯಾದಗಿರಿ ದವಾಖಾನಿಗಿ ಒಯ್ದಿದ್ವಿ. ಗುರುವಾರ ಇತ್ತು. ಚೀಟಿ ತೋರಿಸಿ ಹೊರಗ ಬಂದ್ವಿ, ಬಸ್ಸಿಗಿ ಎರಡು ತಾಸು ಟೈಮಿತ್ತು. ಅತ್ತಿ ಅಂದ್ರು, ಡ್ರೈವರನ ಮನಿ ನೋಡಿ ಬರೂಣು ನಡಿ ಅಂತ. ಗಿರಣಿ ಐತಿ ಅಂತ ಅಷ್ಟ ಗೊತ್ತಿತ್ತು ನಮಗ. ಕೇಳಕೋತ ಕೇಳಕೋತ ಬಂದ್ವಿ. ನಿಮ್ಮ ಗಿರಣಿ ಎದುರಿಗಿ ಒಂದು ಸೈಕಲ್ ಅಂಗಡಿ ಐತಲ್ರಿ, ಅದರ ಬಾಜೂಕ ನಿಂತ್ವಿ."

"ನಿಂತ್ರಿ? ಒಳಗ ಬರಲಿಲ್ಲ?"

"ನಾ ಅಂದ್ನಿ, ಬರ್ರಿ ಅತ್ತಿ ಹೋಗೂಣು. ಅತ್ತಿ ಅಂದ್ರು, ಬರಿಗೈಲೆ ಹೆಂಗ ಹೋಗೂದು? ಸೋಮವಾರದ ತನಾ ಡಬ್ಬಿ ನಿಮ್ಮ ಮನ್ಯಾಗ ಇರ್ತಿತ್ತು. ಬಿಸ್ಕೀಟ್ ಪುಡಿಕಿ ಹಿಡಕೊಂಡು ಹೋಗೂಣೇನ್ರಿ ಅಂದ್ರ, ಇಷ್ಟು ವರ್ಷ ಕೈಲೆ ಮಾಡಿ ಕಳಸೀನಿ, ಮೊದಲನೇ ಸಲ ಮಾರಿ ತೋರಸೂವಾಗ ಬಿಸ್ಕೀಟ್ ಕೊಡ್ಲೇನು ಅಂದ್ರು. ಮುಂದಿನ ಸಲ ದವಾಖಾನಿಗಿ ಬರೂವಾಗ ತುಂಬಕೊಂಡು ಬರೂಣು ಅಂದ್ರು. ಮುಂದಿನ ಸಲ ಬರಲೇ ಇಲ್ರಿ."

ನಾಗಲಕ್ಷ್ಮಿ ಅವಳ ಕಡೆ ಸರಿದು ಕೂತಳು. "ನಾ ಏನು ಮಾಡಾಕತ್ತಿದ್ನಿ?"

"ಯಾರಿಗೋ ಒದರಾಕತ್ತಿದ್ರಿ, ಜೋಳದಾಗ ಹಳ್ಳು ತಂದೀಯಂತ. ಒದರಕೋತ ಒದರಕೋತ ನಗಾಕತ್ತಿದ್ರಿ. ಮೈ ತುಂಬ ಹಿಟ್ಟು. ಅತ್ತಿ ಭಾಳೊತ್ತು ನೋಡಿದ್ರು. 'ನಾ ಅನಕೊಂಡಂಗ ಅದಾಳ' ಅಂದ್ರು. ಮನಿಗಿ ಬರೂತನಾ ಬಸ್ಸಿನ್ಯಾಗ ನಗಕೋತ ಬಂದ್ರು, ಹೊಟ್ಟಿ ನೋವಿದ್ರೂ."

ಗುರುವಾರದ ಬಸ್ಸು ದೇವಿಂದ್ರನ ಪಾಳಿಯದಲ್ಲ. ಅವನನ್ನು ಕೇಳಿ ಪ್ರಯೋಜನವಿಲ್ಲ. ಆ ಗುರುವಾರ ತನಗಾದರೂ ನೆನಪಿದೆಯೇ ಎಂದು ನಾಗಲಕ್ಷ್ಮಿ ಹಿಂದೆ ಹಿಂದೆ ಹುಡುಕಿದಳು. ಸೈಕಲ್ ಅಂಗಡಿಯ ಬಾಜೂಕೆ ಗಿಡ್ಡನೆಯ ಹೆಂಗಸು, ಓರೆ ಕಣ್ಣು, ಪಕ್ಕದಲ್ಲಿ ಹೊಸ ಸೊಸೆ. ಇಲ್ಲ, ಸಿಗಲಿಲ್ಲ. ಜೋಳದಲ್ಲಿ ಕಲ್ಲುಹರಳು ತಂದವರನ್ನು ಅವಳು ದಿನಾ ಬೈಯುತ್ತಿದ್ದಳು. ಊರಿನ ಬೆಕ್ಕಿನ ಲೆಕ್ಕವೂ ಇಟ್ಟವಳು ಎದುರಿಗೆ ನಿಂತ ಆ ಒಬ್ಬಳನ್ನು ನೋಡಿರಲಿಲ್ಲ.

"ಹುಚ್ಚಿ," ಎಂದಳು ನಾಗಲಕ್ಷ್ಮಿ. ಆಮೇಲೆ ದನಿ ತೆಗೆದು ಬೈದಳು. "ಹುಚ್ಚಿ! ಬರಿಗೈಲೆ ಬಂದಿದ್ರ ನಾ ಏನು ಹೊರಗ ದಬ್ಬತಿದ್ನೇನು? ಇಪ್ಪತ್ತು ಹೆಜ್ಜಿ! ಇಪ್ಪತ್ತು ಹೆಜ್ಜಿ ದಾಟಿ ಬರಾಕ ಆಗಲಿಲ್ಲ ಆಕಿಗಿ!" ಸತ್ತವಳನ್ನು ಅವಳ ಮನೆಯ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದೇನೆಂಬ ಅರಿವು ಬಂದು ಬಾಯಿ ಮುಚ್ಚಿಕೊಂಡಳು. ಬೈದದ್ದು ಅವಳನ್ನೊಬ್ಬಳನ್ನೇ ಅಲ್ಲ. ತಾನು ಆ ಜಾಗದಲ್ಲಿದ್ದರೂ ಬರಿಗೈಯಲ್ಲಿ ಇಪ್ಪತ್ತು ಹೆಜ್ಜೆ ದಾಟುತ್ತಿರಲಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಡಬ್ಬಿ ಬಿಚ್ಚಿದರು. ಒಬ್ಬರಿಗೊಬ್ಬರು ಬಡಿಸಿಕೊಂಡು ಕಟ್ಟೆಯ ಮೇಲೇ ಉಂಡರು. ದೇವಿಂದ್ರನಿಗೂ ಸರದಾರಸಾಬನಿಗೂ ಹೋಳಿಗೆ ಹೋಯಿತು. ಎಣ್ಣೆಗಾಯಿಗೆ ಹುಣಸೆ ತುಸು ಕಡಿಮೆಯಾಗಿದೆ ಎಂದು ಉಮಾಶ್ರೀ ಹೇಳಿದಳು, ಹೌದೆಂದು ನಾಗಲಕ್ಷ್ಮಿ ಒಪ್ಪಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಅಡುಗೆಯ ಬಗ್ಗೆ ಆ ಕಡೆಯಿಂದ ಬಂದ ಮೊದಲ ಮಾತು ಅದು.

ಹೊರಡುವ ಹೊತ್ತಿಗೆ ಉಮಾಶ್ರೀ ಡಬ್ಬಿ ತೊಳೆದುಕೊಂಡು ಗಡಿಬಿಡಿಯಿಂದ ಒಳಗೆ ನಡೆದಳು. ಗಡಿಗೆ, ಡಬ್ಬ, ನೆಲುವು ಎಲ್ಲ ತಡಕಾಡುವ ಸದ್ದು ಕೇಳಿಸಿತು. ನಾಗಲಕ್ಷ್ಮಿ ಎದ್ದು ಹೋಗಿ ಅವಳ ರಟ್ಟೆ ಹಿಡಿದಳು.

"ಬ್ಯಾಡ."

"ಒಂದೀಟು ಶೇಂಗಾ ಹಿಂಡಿರ ಹಾಕ್ತೀನ್ರಿ, ಬರೇ ಡಬ್ಬಿ ಹೆಂಗ..."

"ಡಬ್ಬಿ ಇಲ್ಲೇ ಇರಲಿ. ನಾ ಬರಿಗೈಲೆ ಹೋಗ್ತೀನಿ."

ಉಮಾಶ್ರೀಯ ಮುಖ ಇಳಿದುಹೋಯಿತು. "ಹಂಗಂದ್ರ ಮುಗೀತೇನ್ರಿ ಅಕ್ಕಾರ?"

"ಕೇಳಿಲ್ಲಿ," ಎಂದಳು ನಾಗಲಕ್ಷ್ಮಿ. "ಮುಂದಿನ ಗುರುವಾರ ಯಾದಗಿರಿ ಬಸ್ ಹತ್ತು. ಗಿರಣಿಗಿ ಬಾ. ಸೈಕಲ್ ಅಂಗಡಿ ಬಾಜೂಕ ನಿಲ್ಲಬ್ಯಾಡ, ಸೀದಾ ಒಳಗ ಬಾ. ಬರಿಗೈಲೆ ಬಾ. ಕೈಯಾಗ ಒಂದು ಕರಿಬೇವಿನ ಎಲಿ ಇದ್ರೂ ನಾ ಬಾಗಿಲಾ ತಗಿಯಂಗಿಲ್ಲ."

"ನಾಚಿಕಿ ಬರತೈತ್ರಿ."

"ನಂಗೂ ಬರಾಕತ್ತೈತಿ ಈಗ," ಎಂದಳು ನಾಗಲಕ್ಷ್ಮಿ. ಅದು ಸುಳ್ಳಲ್ಲ. ಊಟ ಮಾಡಿದ ಮನೆಯಿಂದ ಹೀಗೆ ಎದ್ದು ಹೊರಡುವುದೆಂದರೆ ಅವಳಿಗೆ ಸೀರೆಯಿಲ್ಲದೆ ಬೀದಿಗೆ ಇಳಿದ ಹಾಗಾಗಿತ್ತು.

ಇಬ್ಬರೂ ಸ್ಟಾಪಿನ ಕಡೆ ನಡೆದರು. ಬರುವಾಗ ತೊಡೆಯ ಮೇಲೆ, ಸೊಂಟದ ಮೇಲೆ, ಎದೆಗೆ ಅವಚಿ ಹಿಡಿದದ್ದು ಈಗ ಇರಲಿಲ್ಲ, ನಾಗಲಕ್ಷ್ಮಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಮ್ಮೆ ಸೆರಗು ಹಿಡಿದಳು, ಒಮ್ಮೆ ಹಿಂದೆ ಕಟ್ಟಿದಳು. ಪಕ್ಕದಲ್ಲಿ ಉಮಾಶ್ರೀಯ ಕೈಗಳೂ ಹಾಗೇ ಜೋತಾಡುತ್ತಿದ್ದವು. ಬೇವಿನ ಗಿಡ ದಾಟಿದ ಮೇಲೆ ಅವಳು ನಾಗಲಕ್ಷ್ಮಿಯ ಕೈ ಹಿಡಿದುಕೊಂಡಳು. ಓಮ್ನಿ ಶುರುವಾಗುವ ತನಕ ಬಿಡಲಿಲ್ಲ.